ಮಂಡಿಕಲ್ಲು

ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿರುವ ನಮ್ಮ ಹಳ್ಳಿಯ ಹಳೇ ಚರ್ಚು ಬಿದ್ದುಹೋಗಿ ಶತಮಾನಗಳೇ ಆದವು. ಅದರ ಕಲ್ಲುಗಳನ್ನು ಜನ ಹಂದಿಗೂಡಿಗೆ, ಬಾವಿಕಟ್ಟೆಗೆ, ಬೇಲಿಗೋಡೆಗೆ ಹೊತ್ತೊಯ್ದಿದ್ದರು. ಅವನ್ನೆಲ್ಲ ಕೇಳಿ ತಂದು, ತೊಳೆದು, ಒಂದು ಖಾಲಿ ಕೊಟ್ಟಿಗೆಯಲ್ಲಿ ಜೋಡಿಸಿಡುವ ಕೆಲಸ ನನ್ನ ತಲೆಗೆ ಬಿತ್ತು. ಈಗ ಸಾಕಪ್ಪ ಸಾಕು ಅನ್ನಿಸಿಬಿಟ್ಟಿದೆ.

ಒಂದು ದಿನ ಪಕ್ಕದ ಹೊಲದ ಅಲೆಕ್ ತನ್ನ ಹಂದಿಗೂಡಿನಿಂದ ಚರ್ಚಿನ ಬಲಿಪೀಠದ ಒಂದು ಮೆಟ್ಟಿಲುಕಲ್ಲು ಕಿತ್ತು ತಂದ. ಪ್ರಾರ್ಥನೆಗೆ ಮಂಡಿಯೂರಿದವರಿಂದ ಸವೆದ ಎರಡು ಗುಳಿ ಅದರಲ್ಲಿದ್ದವು.

"ತಗೋ ಮಾರಾಯ, ಪೀಡೆ ಕಳೀತು. ನಮ್ಮ ಹಂದಿಗಳು ಎಲ್ಲೆಲ್ಲೂ ಹೊಲಸು ಮಾಡ್ತಾವೆ, ಇದರ ಮೇಲೆ ಮಾತ್ರ ಕಾಲಿಡಲ್ಲ."

"ನಿನಗಿಂತ ಹಂದಿಗಳಿಗೇ ಭಕ್ತಿ ಜಾಸ್ತಿ," ಅಂದೆ. ಅವನು ಟ್ರ್ಯಾಕ್ಟರ್ ಹತ್ತಿ ಹೊರಟ.

ಕೊಟ್ಟಿಗೆಯ ಚಳಿಗೆ ಬೆರಳು ಸೆಟೆಯುತ್ತಿದ್ದವು. ಆ ಗುಳಿಗಳು ಮಾತ್ರ, ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿದ್ದವು. ಉಳಿದ ಕಲ್ಲುಗಳ ಮೇಲೆಲ್ಲ ಧೂಳು ಕೂರುತ್ತಿತ್ತು, ಗುಳಿಗಳಲ್ಲಿ ಕೂರುತ್ತಿರಲಿಲ್ಲ.

ಆಮೇಲೆ ಹೆಂಡತಿ ಹಿಲರಿ ಬಟ್ಟೆ ಒಗೆಯುವಾಗ ಗೊಣಗತೊಡಗಿದಳು. "ಪ್ಯಾಂಟಿನ ಮಂಡಿ ಎರಡೂ ಸುಣ್ಣ ಬಳಿದ ಹಾಗಿದೆ. ಅಲ್ಲಿ ಅದ್ಯಾವ ಪಾಪಕ್ಕೆ ಮಂಡಿಯೂರ್ತೀಯ?"

ನನ್ನ ಎರಡೂ ಮಂಡಿಗೆ ಆಪರೇಷನ್ ಆಗಿದೆ. ನೆಲಕ್ಕೂರಲು ಆಗುವುದಿಲ್ಲ, ಅದು ಅವಳಿಗೂ ಗೊತ್ತು. ಕಲ್ಲುಗಳನ್ನು ಮೇಜಿನ ಮೇಲಿಟ್ಟು, ನಿಂತೇ ತೊಳೆಯುತ್ತೇನೆ.

ಕ್ರಿಸ್‌ಮಸ್ಸಿಗೆ ಮುಂಚೆಯೇ ಕೊಟ್ಟಿಗೆಗೆ ಬೀಗ ಹಾಕಿ, ಬೀಗದಕೈ ಪಾದ್ರಿಗೆ ಒಪ್ಪಿಸಿದೆ. ಹಿಲರಿ ಆ ಪ್ಯಾಂಟನ್ನು ಒಗೆದು, ಇಸ್ತ್ರಿ ಮಾಡಿ ಬೀರುವಿನಲ್ಲಿಟ್ಟಳು. ಅಲ್ಲಿಂದೀಚೆಗೆ ಅದನ್ನು ಯಾರೂ ತೊಟ್ಟಿಲ್ಲ. ಇವತ್ತು ಬೆಳಿಗ್ಗೆ ಅವಳೇ ಅದನ್ನು ತೆಗೆದು ನನ್ನ ಮುಂದೆ ಹಿಡಿದಳು, ಬೈಯಲಿಲ್ಲ.

ಎರಡೂ ಮಂಡಿಯ ಹತ್ತಿರ ಬಟ್ಟೆ ಸವೆದು ತೂತಾಗಿತ್ತು. ಮುಟ್ಟಿ ನೋಡಿದೆ. ಅಂಚು ಬೆಚ್ಚಗಿತ್ತು.