ಹತ್ತು ಇಂಚಿನ ಚಕ್ರ

ಇಳಿಜಾರಿನ ಅರ್ಧಕ್ಕೆ ಬರುವಷ್ಟರಲ್ಲಿ ಬ್ರೇಕ್ ಕೈಕೊಟ್ಟಿತು.

ಮೊದಲು ಸುಟ್ಟ ವಾಸನೆ ಬಂತು. ಆಮೇಲೆ ಪೆಡಲ್ ಮೇಲೆ ಮೈಭಾರವನ್ನೆಲ್ಲ ಹಾಕಿದರೂ ಕಾರು ಮಾತು ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ಅಮ್ಮ. ಕೆಳಗೆ ಮುಖ್ಯರಸ್ತೆ, ಸಾಲು ಬಸ್ಸುಗಳು.

‘ಎಲ್ಲಿಗಾದರೂ ಗುದ್ದಬೇಕು... ಮೆತ್ತಗಿರೋ ಕಡೆ...’

ರಸ್ತೆ ಬದಿಯ ಗ್ಯಾರೇಜಿನ ಗೋಡೆಗೆ ಹಳೇ ಟೈರುಗಳ ರಾಶಿ ಒರಗಿತ್ತು. ಅವಳು ಸ್ಟಿಯರಿಂಗ್ ತಿರುಗಿಸಿಬಿಟ್ಟಳು.

ಟೈರುಗಳು ಉರುಳಿ ನಿಂತ ಮೇಲೆ ಒಳಗಿನಿಂದ ಒಬ್ಬ ಬಂದ. ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು.

“ಟೈರ್ ಬೇಕು ಅಂತ ಕೇಳಿದ್ದಿದ್ರೆ ನಾನೇ ಕೊಡ್ತಿದ್ದೆ” ಅಂದ. ಆಮೇಲೆ ಅವಳು ಸ್ಟಿಯರಿಂಗನ್ನು ಇನ್ನೂ ಬಿಟ್ಟಿಲ್ಲದ್ದು ಕಂಡಿತು. “ಮೊದಲು ನೀರು ಕುಡೀರಿ. ಅಮ್ಮಾ, ನಿಮಗೇನೂ ಆಗ್ಲಿಲ್ವಲ್ಲ?”

“ನನಗೆ ಆಗಬೇಕಾದ್ದೆಲ್ಲ ಹೋದ ವರ್ಷವೇ ಆಗಿದೆಯಪ್ಪ” ಅಂದಳು ಅಮ್ಮ.

ಹೋದ ವರ್ಷ ಅಮ್ಮನಿಗೆ ಲಕ್ವ ಹೊಡೆದಿತ್ತು. ಒಂದು ಕೈ ಮುಷ್ಟಿಯಾಗಿ ಮುಚ್ಚಿಕೊಂಡಿತ್ತು, ಒಂದು ಕಾಲು ಎಳೆಯುತ್ತಿತ್ತು. ವಾರಕ್ಕೆರಡು ಸಲ ಕೆಳಗಿನ ಆಸ್ಪತ್ರೆಯಲ್ಲಿ ವ್ಯಾಯಾಮ. ಅಪ್ಪ ಬಿಟ್ಟುಹೋದ ಈ ಪುಟ್ಟ ಹಳೇ ಕಾರಿಗೆ ಮಾತ್ರ ಅಮ್ಮ ಯಾರ ಸಹಾಯವೂ ಇಲ್ಲದೆ ಹತ್ತಿ ಇಳಿಯುತ್ತಿದ್ದಳು. ಆಡುವ ಕೈಯಲ್ಲಿ ಬಾಗಿಲ ಅಂಚು ಹಿಡಿದು, ಕೂತಲ್ಲೇ ತಿರುಗಿ, ಪಾದ ನೆಲಕ್ಕೂರಿ ಏಳುವುದು.

ಈಗಲೂ ಹಾಗೇ ಇಳಿದಳು. ಅವನು ಕುಕ್ಕರಗಾಲಲ್ಲಿ ಕೂತು ಅಮ್ಮನ ಪಾದಗಳನ್ನೇ ನೋಡುತ್ತಿದ್ದ.

‘ಇದೇನು ನೋಡ್ತಾನೆ ಇವನು?’ ಮಗಳಿಗೆ ಸಿಟ್ಟು ಬಂತು.

ಅವಳು ಶಾಲೆಯ ಡ್ರಿಲ್ ಟೀಚರ್. ಅವನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಅವರಿಬ್ಬರ ನಡುವೆ ಮುಂದೆಯೂ ಇವೇ ಹೆಸರುಗಳು ಉಳಿದವು.

* * *

“ಅದನ್ನ ಗುಜರಿಗೆ ಹಾಕು” ಅಂದ ಅಣ್ಣ. “ನನ್ನ ಕಾರಲ್ಲಿ ಕರ್ಕೊಂಡು ಹೋಗ್ತೀನಿ.”

ಅಣ್ಣನ ಕಾರು ಎತ್ತರದ್ದು. ಅಮ್ಮ ಕಾಲೆತ್ತಲು ನೋಡಿದಳು, ಆಗಲಿಲ್ಲ. ಅಣ್ಣ ಬಗಲಿಗೆ ಕೈ ಹಾಕಿ ಎತ್ತಿದ. ಅಮ್ಮ ಅತ್ತುಬಿಟ್ಟಳು.

“ಮೂಟೆ ಎತ್ತಿದ ಹಾಗೆ ಎತ್ತಬೇಡ ಕಣೋ. ನಾನು ಬರಲ್ಲ. ಕೈ ಹೋದ್ರೆ ಹೋಗಲಿ.”

ಒಂದು ವಾರ ತಪ್ಪಿತು. ಇನ್ನೊಂದು ವಾರವೂ. ಡಾಕ್ಟರು ಫೋನಿನಲ್ಲಿ ಸುತ್ತಿಬಳಸಲಿಲ್ಲ. “ಈ ತಿಂಗಳು ಹೀಗೇ ಹೋದ್ರೆ ಆ ಬೆರಳು ಮತ್ತೆ ಬಿಚ್ಚಿಕೊಳ್ಳಲ್ಲ.”

ಅಣ್ಣ ಗಡುವು ಕೊಟ್ಟ. “ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಗುಜರಿ ಲಾರಿ ಬರುತ್ತೆ. ಅಷ್ಟರಲ್ಲಿ ಬ್ರೇಕ್ ಸರಿಯಾದ್ರೆ ಸರಿ. ಇಲ್ಲಾಂದ್ರೆ ಅಮ್ಮನ್ನ ಅದರಲ್ಲಿ ಕೂರಿಸೋಕೆ ನಾನು ಬಿಡಲ್ಲ. ಇಬ್ರನ್ನೂ ಕಳ್ಕೊಳ್ಳೋಕೆ ನಂಗಾಗಲ್ಲ ಕಣೇ.”

ಅಣ್ಣ ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಅದೇ ಕಷ್ಟ.

* * *

“ಹಳೇ ಡ್ರಮ್ ಬ್ರೇಕು. ಇಳಿಜಾರಲ್ಲಿ ಕಾದ್ರೆ ಹಿಡಿಯಲ್ಲ” ಅಂದ ಮೇಸ್ತ್ರಿ. “ಮುಂದಿನ ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕ್ ಹಾಕಬೇಕು, ಅದು ಬೇಗ ಕಾಯಲ್ಲ. ಆದ್ರೆ ಚಕ್ರ ಹತ್ತೇ ಇಂಚು. ಅಂಗಡೀಲಿ ಸಿಗೋ ಯಾವ ಡಿಸ್ಕೂ ಇದರೊಳಗೆ ಕೂರಲ್ಲ.”

“ದೊಡ್ಡ ಚಕ್ರ ಹಾಕಿಬಿಡಿ. ಬೇರೆ ಗ್ಯಾರೇಜಿನವರು ಎರಡು ದಿನದ ಕೆಲಸ ಅಂದ್ರು.”

“ದೊಡ್ಡ ಚಕ್ರ ಬೇಡ.”

“ಯಾಕೆ?”

“ಬೇಡ ಅಂದೆನಲ್ಲ ಟೀಚರ್.”

ಹಟಮಾರಿ ಅಂದುಕೊಂಡಳು. ಆದರೂ ದಿನಾ ಶಾಲೆ ಬಿಟ್ಟ ಮೇಲೆ ಬಂದು ನಿಂತಳು. ಅವನು ರಟ್ಟು ಕತ್ತರಿಸಿ ಚಕ್ರದೊಳಗೆ ಇಟ್ಟು ನೋಡುತ್ತಿದ್ದ, ತಾಗುತ್ತಿತ್ತು, ಇನ್ನೊಂದು ಕತ್ತರಿಸುತ್ತಿದ್ದ. ಇದೇ ಕಾರಿನ ವೇಗದ ಮಾಡೆಲ್ಲಿಗೆ ಕಂಪನಿಯವರೇ ಪುಟ್ಟ ಡಿಸ್ಕ್ ಹಾಕಿದ್ದರಂತೆ. ಹದಿನೇಳು ಫೋನ್ ಮಾಡಿ, ಕೆಟ್ಟು ನಿಂತ ಅಂಥದ್ದೊಂದು ಕಾರು ಹುಡುಕಿ, ಬಸ್ಸಿನಲ್ಲಿ ಹೋಗಿ ಬಿಚ್ಚಿ ತಂದ.

ಶುಕ್ರವಾರ ಜೋಡಿಸಿ ನೋಡಿದರು. ಡಿಸ್ಕನ್ನು ಎರಡೂ ಕಡೆಯಿಂದ ಅದುಮುವ ಇಕ್ಕಳದಂಥ ಕ್ಯಾಲಿಪರಿಗೂ ಚಕ್ರಕ್ಕೂ ನಡುವೆ ಎರಡು ನಾಣ್ಯ ತೂರುವಷ್ಟು ಜಾಗ.

“ಕೂತುಬಿಡ್ತು” ಅಂದ ಮೇಸ್ತ್ರಿ. ಅವನು ನಕ್ಕದ್ದನ್ನು ಅವಳು ಅವತ್ತೇ ಮೊದಲು ನೋಡಿದಳು. ನೋಡಿದ್ದು ಸ್ವಲ್ಪ ಹೆಚ್ಚೇ ಆಯಿತು.

“ಎರಡೂ ಕ್ಯಾಲಿಪರ್ ಬಿಚ್ಚಿ ಒಳಗಿನ ರಬ್ಬರ್ ಬದಲಾಯಿಸಬೇಕು. ಅದಕ್ಕೆ ಮುಂಚೆ ಎಡ ಯಾವುದು, ಬಲ ಯಾವುದು ಅಂತ ಅದರ ಮೇಲೆ ಬರೀರಿ. ನನ್ನ ಕೈ ಪೂರ್ತಿ ಗ್ರೀಸು.”

ಅವಳ ಜೇಬಿನಲ್ಲಿ ಚಾಕ್ ಇದ್ದೇ ಇರುತ್ತಿತ್ತು. ಕಾರಿನ ಮುಂದೆ ನಿಂತಳು. ಶಾಲೆಯಲ್ಲಿ ಮಕ್ಕಳಿಗೆ ಎದುರು ನಿಂತು ಎಲ್ಲವನ್ನೂ ತಿರುವಿ ಹೇಳುವುದು ಅವಳ ಅಭ್ಯಾಸ. ತಾನು ಎಡಗೈ ಎತ್ತಿ “ಬಲಗೈ” ಅನ್ನುತ್ತಿದ್ದಳು. ‘ಇಲ್ಲಿ ಆ ಚಾಳಿ ಬೇಡ, ಯಡವಟ್ಟಾದೀತು’ ಅಂತ ಹುಷಾರಾಗಿ ತನ್ನ ಎಡಗೈ ಕಡೆಯದಕ್ಕೆ ಎಡ ಅಂತಲೂ, ಬಲಗೈ ಕಡೆಯದಕ್ಕೆ ಬಲ ಅಂತಲೂ ದುಂಡಗೆ ಬರೆದಳು.

* * *

ಶನಿವಾರ ಅವಳು ಸೀಟಿನಲ್ಲಿ, ಅವನು ಚಕ್ರದ ಬಳಿ ನೆಲದ ಮೇಲೆ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ದನಿ ಮಾತ್ರ.

“ಒತ್ತಿ.”

“ಒತ್ತಿದೆ.”

“ಹಿಡ್ಕೊಳ್ಳಿ... ಬಿಡಿ.”

ಬ್ರೇಕಿನ ಎಣ್ಣೆ ಪೈಪಿನೊಳಗಿನ ಗಾಳಿ ಹೊರಹಾಕುವ ಕೆಲಸ ಅದು. ಅರ್ಧ ಗಂಟೆಯದು. ಮೂರು ಗಂಟೆಯಾಯಿತು. ಎರಡು ಡಬ್ಬಿ ಎಣ್ಣೆ ಖಾಲಿಯಾಯಿತು. ಪೆಡಲ್ ಒದ್ದೆ ಹತ್ತಿಯ ಮೇಲೆ ಕಾಲಿಟ್ಟಂತೆ ಕುಸಿಯುತ್ತಲೇ ಇತ್ತು.

“ಎಲ್ಲೋ ಗಾಳಿ ಉಳೀತಿದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ನಾಳೆ ಒಂದ್ಸಲ...”

“ನಾಳೆ. ನಾಡಿದ್ದು. ಆಚೆ ನಾಡಿದ್ದು.” ಅವಳು ಕಾರಿನಿಂದ ಇಳಿದಳು. ಬೆಳಿಗ್ಗೆಯಷ್ಟೇ ಅಣ್ಣ ಅಂದದ್ದು ಬಾಯಿಗೆ ಬಂದೇಬಿಟ್ಟಿತು. “ನಾನು ದಿನಾ ಬರಲಿ ಅಂತಾನೇ ನೀವು ಎಳೀತಿದ್ದೀರಂತೆ. ಹೌದಾ?”

ಅವನು ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಕಿವಿ ಕೆಂಪಾಯಿತು, ಕಣ್ಣು ತಗ್ಗಿದವು.

ಅವಳಿಗೆ ಅಷ್ಟೇ ಸಾಕಾಯಿತು. “ನನ್ನ ಅಮ್ಮನ ಕೈ ನಿಮಗೆ ಆಟ ಆಯ್ತಾ? ದೊಡ್ಡ ಚಕ್ರ ಹಾಕಿದ್ರೆ ಹೋದ ವಾರವೇ ಮುಗೀತಿತ್ತು. ಸೋಮವಾರ ಲಾರಿ ಬರುತ್ತೆ. ಕೊಟ್ಟು ಕಳಿಸಿ.”

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಅಂದಳು:

“ಅವತ್ತು ನೀನು ನೀರು ಕುಡೀತಿದ್ದಾಗ ಆ ಹುಡುಗ ನನ್ನ ಕೇಳಿದ. ಅಮ್ಮಾ, ಈ ಸೀಟು ಮೂರು ಬೆರಳು ಎತ್ತರ ಆದ್ರೆ ಹತ್ತೋಕಾಗುತ್ತಾ ಅಂತ. ಆಗಲ್ಲ ಅಂದೆ. ಹಾಗಾದ್ರೆ ಚಕ್ರ ದೊಡ್ಡದು ಮಾಡಲ್ಲ ಬಿಡಿ ಅಂದ.”

“ನಂಗ್ಯಾಕೆ ಹೇಳಲಿಲ್ಲ?”

“ನನಗೆ ನಾಚಿಕೆಯಾಯ್ತು ಪುಟ್ಟಿ. ಮೂರು ಬೆರಳು ಹತ್ತೋಕಾಗಲ್ಲ ಅನ್ನೋದನ್ನ ಯಾರಿಗೂ ಹೇಳಬೇಡ ಅಂತ ನಾನೇ ಅವನಿಗೆ ಹೇಳಿದ್ದೆ.”

ಭಾನುವಾರ ಅವಳು ಗ್ಯಾರೇಜಿನ ತಿರುವಿನವರೆಗೆ ಹೋಗಿ ವಾಪಸ್ ಬಂದಳು. ಎರಡು ಸಲ. ಕ್ಷಮೆ ಕೇಳಬಹುದು. ಕೇಳಿದರೆ ಬ್ರೇಕ್ ಹಿಡಿಯುತ್ತದೆಯೇ? ಅಮ್ಮನ ಮುಷ್ಟಿ ಇನ್ನಷ್ಟು ಬಿಗಿದಿತ್ತು. ರಾತ್ರಿ ಉಗುರು ಕತ್ತರಿಸಲು ಬೆರಳು ಬಿಡಿಸಲಾಗಲಿಲ್ಲ.

* * *

ಸೋಮವಾರ ಬೆಳಿಗ್ಗೆ ಮೈದಾನದಲ್ಲಿ ನಲವತ್ತು ಮಕ್ಕಳು ಎದುರಿಗೆ ಸಾಲಾಗಿ ನಿಂತಿದ್ದರು.

“ಬಲಗೈ ಮೇಲೆ” ಅಂದಳು. ಎಂದಿನಂತೆ ತನ್ನ ಎಡಗೈ ಎತ್ತಿದಳು.

ನಲವತ್ತು ಬಲಗೈ ಮೇಲೆದ್ದವು. ಅವಳ ಎಡಗೈ ಇಳಿಯಲೇ ಇಲ್ಲ.

‘ಕಾರೂ ಹೀಗೇ ನಂಗೆ ಎದುರಾಗಿ ನಿಂತಿತ್ತು...’

ಪಕ್ಕದ ತರಗತಿಯ ಟೀಚರಿಗೆ ಕೂಗಿ ಹೇಳಿ ಓಡಿದಳು. ಗ್ಯಾರೇಜ್ ತಲುಪುವ ಹೊತ್ತಿಗೆ ಏದುಸಿರು. ಮೇಸ್ತ್ರಿ ಮುಖ ತಿರುಗಿಸಿಕೊಂಡ. ಕಣ್ಣು ಕೆಂಪಗಿದ್ದವು, ಮಲಗಿದಂತಿರಲಿಲ್ಲ.

“ಎಡದ್ದು ಬಲಕ್ಕಿದೆ” ಅಂದಳು. “ನಾನು ಎದುರು ನಿಂತು ಬರೆದೆ. ನನ್ನ ಎಡ ಬರೆದೆ. ಗಾಡಿಯ ಎಡ ಅಲ್ಲ.”

ಅವನು ಸರ್ರನೆ ತಿರುಗಿದ. ಆಮೇಲೆ ಚಕ್ರದ ಬಳಿ ಬಗ್ಗಿದ, ಹಣೆ ಬಡಿದುಕೊಂಡ. ಗಾಳಿ ಬಿಡುವ ಪುಟ್ಟ ಸ್ಕ್ರೂ ಮೇಲಿರಬೇಕಾದ್ದು ಕೆಳಗಿತ್ತು. ಗಾಳಿ ಮೇಲೆ ಸಿಕ್ಕಿಕೊಂಡಿತ್ತು, ಅವರು ಮೂರು ಗಂಟೆ ಕೆಳಗಿನಿಂದ ಎಣ್ಣೆ ಸುರಿಸಿದ್ದರು.

“ಇದು ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಕಾಣುತ್ತೆ” ಅಂದ. “ನಂಗೆ ಕಾಣಲಿಲ್ಲ. ಬೇರೆ ಯಾರು ಬರೆದಿದ್ರೂ ಎರಡೆರಡು ಸಲ ನೋಡ್ತಿದ್ದೆ. ನೀವು ಬರೆದದ್ದು ನೋಡಿದ್ಮೇಲೆ ಬೇರೇನೂ ನೋಡಲಿಲ್ಲ.”

ಅವಳು ಅಂಗಿಯ ತೋಳು ಮಡಚಿದಳು. ಚಕ್ರದ ಪಕ್ಕ ಕೂತಳು. ಹನ್ನೆರಡಕ್ಕೆ ಒಂದು ಗಂಟೆ ಹತ್ತು ನಿಮಿಷ ಇತ್ತು.

ಅದಲು ಬದಲು ಮಾಡಿದರು. ಅವಳು ಸೀಟಿಗೆ ಹತ್ತಿದಳು.

“ಒತ್ತಿ. ಹಿಡ್ಕೊಳ್ಳಿ.”

ಗುಳುಗುಳು ಸದ್ದು ಅವಳಿಗೂ ಕೇಳಿಸಿತು. ಗುಳ್ಳೆ, ಮತ್ತೆ ಗುಳ್ಳೆ. ಆರನೇ ಸಲ ಒತ್ತಿದಾಗ ಪೆಡಲ್ ಅರ್ಧಕ್ಕೇ ನಿಂತಿತು. ಕಲ್ಲಿನ ಹಾಗೆ. ಅವಳು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು.

ಲಾರಿ ಬಂತು. ಹಿಂದೆಯೇ ಅಣ್ಣ. ಅವನು ಕೀಲಿ ಕಸಿದುಕೊಂಡು ಒಬ್ಬನೇ ಇಳಿಜಾರಿನ ತುದಿಗೆ ಹೋದ. ಮೂರು ಸಲ ಇಳಿದ, ಮೂರು ಸಲವೂ ನಡುವೆ ಗಕ್ಕನೆ ನಿಲ್ಲಿಸಿದ. ವಾಪಸ್ ಬಂದವನು ಮೊದಲು ಲಾರಿಯವನ ಕಡೆ ತಿರುಗಿದ.

“ನೀನು ಹೋಗಪ್ಪ.” ಆಮೇಲೆ ತಂಗಿಗೆ: “ನಾಳೆ ಆಸ್ಪತ್ರೆಗೆ ಎಷ್ಟು ಗಂಟೆಗೆ?”

* * *

ಅಣ್ಣ ಹೋದ ಮೇಲೆ ಗ್ಯಾರೇಜಿನಲ್ಲಿ ಇಬ್ಬರೇ ಉಳಿದರು.

“ಶನಿವಾರ ನಾನು ಅಂದದ್ದು...”

“ಅರ್ಧ ನಿಜ” ಅಂದ ಅವನು. “ಬೇಕಂತ ತಡ ಮಾಡಲಿಲ್ಲ. ಅಮ್ಮನ ಆಣೆ. ಆದ್ರೆ ತಡವಾದಾಗ ಬೇಜಾರೂ ಆಗಲಿಲ್ಲ. ನಾಳೆಯಿಂದ ನೀವು ಬರೋಕೆ ಕಾರಣ ಇಲ್ವಲ್ಲ ಅಂತ ಈಗ ಆಗ್ತಿದೆ.”

ಅವಳು ಎದುರಿಗೆ ನಿಂತು ಕೈ ಚಾಚಿದಳು. ಅವನು ತನ್ನ ಗ್ರೀಸಿನ ಕೈ ನೋಡಿಕೊಂಡ, ಒರೆಸಿಕೊಂಡ, ಮತ್ತೆ ನೋಡಿಕೊಂಡ.

“ಯಾವ ಕೈ ಕೊಡಲಿ ಟೀಚರ್? ಎಡದ್ದಾ, ಬಲದ್ದಾ? ನಿಮ್ಮ ಲೆಕ್ಕ ನಂಗೆ ಹೆದರಿಕೆ.”

“ಎದುರು ನಿಂತ್ರೇ ತಾನೇ ಆ ಗೋಜಲು” ಅಂದಳು.

ಸುತ್ತಿ ಬಂದು ಅವನ ಪಕ್ಕದಲ್ಲಿ, ಅವನು ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡಿ ನಿಂತಳು.

“ಈಗ ಹೇಳಿ. ಎಡ ಯಾವುದು?”

ಇಬ್ಬರೂ ಒಂದೇ ಕಡೆ ಕೈ ತೋರಿಸಿದರು.