ಗೂಬೆಯ ಕಾಲಿನ ದಾರ

"ಗೂಬೆಯನ್ನ ಬೇಕಾದ್ರೆ ಇಟ್ಕೋ, ಬಿಡು. ಅದರ ಕಾಲಲ್ಲಿರೋ ದಾರ ಮಾತ್ರ ಮುಟ್ಬೇಡಪ್ಪ," ಎಂದಳು ಪಕ್ಕದ ಮಳಿಗೆಯ ಇಸ್ತ್ರಿ ಅಜ್ಜಿ. "ಯಾರಿಗೋ ಮಾಡಿಸಿದ್ದ ಮಾಟ ತೆಗೆದು ಅದಕ್ಕೆ ಕಟ್ಟಿದಾರೆ."

ದರ್ಜಿ ನಕ್ಕ. ಹೆಂಡತಿ, ಮಗಳನ್ನು ಕರೆದುಕೊಂಡು ಈ ಮಳಿಗೆಗೆ ವಾಸಕ್ಕೆ ಬಂದು ಎಂಟು ದಿನವಾಗಿತ್ತಷ್ಟೆ. ಅಟ್ಟ ಗುಡಿಸುವಾಗ ಸಿಕ್ಕ ಗೂಬೆಯನ್ನು ಗಿಳಿ ಪಂಜರಕ್ಕೆ ಹಾಕಿ ಮಗಳಿಗೆ ತೋರಿಸಿದ್ದ. ಆರು ವರ್ಷದ ಹುಡುಗಿ ಅದರ ಮುಂದಿನಿಂದ ಏಳುತ್ತಲೇ ಇರಲಿಲ್ಲ.

"ಗಿಳಿ ಸಾಕ್ತಾರೆ, ಪಾರಿವಾಳ ಸಾಕ್ತಾರೆ. ಇದೇನು ಪಾಪ ಮಾಡಿದೆ? ಸುಮ್ನೆ ನನ್ನ ಮೇಲೆ ಗೂಬೆ ಕೂರಿಸ್ಬೇಡಿ ಅಜ್ಜಿ."

ಅಜ್ಜಿ ನಗಲಿಲ್ಲ. ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಾ ಒಳಗೆ ಹೋದಳು.

ಮಧ್ಯಾಹ್ನ ದರ್ಜಿ ಗೂಬೆಯನ್ನು ಹೊರತೆಗೆದು ನೋಡಿದ. ಕಪ್ಪು ರೇಷ್ಮೆ ದಾರ, ಏಳು ಗಂಟು. ಕಾಲಿನ ಮಾಂಸದೊಳಗೆ ಹೂತುಹೋಗಿತ್ತು. ಪಾಪ ಎನಿಸಿತು. ಕತ್ತರಿಯ ತುದಿ ತೂರಿಸಿ ಕತ್ತರಿಸಿದ. ಹಕ್ಕಿ ಎರಡೂ ಕಣ್ಣು ತೆರೆದು ಅವನನ್ನೊಮ್ಮೆ ನೋಡಿ, ಸುಡುವ ಬಿಸಿಲಿಗೇ ಹಾರಿಹೋಯಿತು. ಮಗಳು ಅತ್ತಳು.

ದರ್ಜಿಗಳ ಕೈಗೊಂದು ರೂಢಿಯುಂಟು. ಗೇಣುದ್ದದ ದಾರವನ್ನೂ ಅದು ಬಿಸಾಡುವುದಿಲ್ಲ. ಸೂಜಿಮೊನೆಯಿಂದ ಒಂದೊಂದೇ ಗಂಟು ಬಿಚ್ಚಿದ. ಒಳ್ಳೆಯ ದಾರ, ಎಳೆದರೂ ಜಗ್ಗದು. ಮಗಳ ಫ್ರಾಕಿನ ಕುತ್ತಿಗೆಯ ಗುಂಡಿ ಕಿತ್ತುಹೋಗಿತ್ತು. ಸಮಾಧಾನ ಮಾಡುತ್ತಾ, ಅವಳ ಮೈಮೇಲೆಯೇ ಆ ದಾರದಿಂದ ಅದನ್ನು ಹೊಲಿದ.

ಅಂದಿನಿಂದ ಮಗಳು ಫ್ರಾಕು ಬಿಚ್ಚಲು ಒಪ್ಪಲಿಲ್ಲ. ಅನ್ನ ಮುಟ್ಟಲಿಲ್ಲ. ಹಗಲೆಲ್ಲ ಮೂಲೆಯಲ್ಲಿ ಕಣ್ಣುಮುಚ್ಚಿ ಕೂತಳು. ಮೂರನೆಯ ದಿನ ಮಳಿಗೆಯಲ್ಲಿ ಒದ್ದೆ ಗರಿಯ ವಾಸನೆ, ಹಸಿ ನೆತ್ತರಿನ ವಾಸನೆ. ಅಟ್ಟದ ಮೇಲೆ ಏನೋ ಪರಪರ ಕೆರೆಯುವ ಸದ್ದು. ದರ್ಜಿ ಏಣಿ ಹತ್ತಿದ. ಕತ್ತಲು. ಮಗಳು ತೊಲೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬೆನ್ನು ಇವನ ಕಡೆಗೆ.

"ಪುಟ್ಟಿ..."

ಭುಜ ಅಲುಗಲಿಲ್ಲ. ಮುಖ ಮಾತ್ರ ತಿರುಗಿತು. ಪೂರ್ತಿ ತಿರುಗಿತು. ಬಾಯಲ್ಲಿ ಇಲಿಯ ಬಾಲ.

ಅವನ ಕೂಗಿಗೆ ಅಜ್ಜಿ ಓಡಿಬಂದಳು. ಹೆಂಡತಿ ಏಣಿ ಹಿಡಿದು ನಿಂತಳು.

"ಆ ದಾರ ಎಲ್ಲೋ?"

"ಗುಂಡಿಗೆ... ಹೊಲಿದೆ ಅಜ್ಜಿ."

"ಅಯ್ಯೋ ದರಿದ್ರದವನೇ! ಕತ್ತರಿ ಹಾಕ್ಬೇಡ. ಹೊಲಿದ ಕೈಯಲ್ಲೇ ಬಿಚ್ಚು."

ಮಗಳನ್ನು ಕೆಳಗಿಳಿಸಿ ಒತ್ತಿ ಹಿಡಿದರು. ದಾರ ಬಟ್ಟೆ ದಾಟಿ ಕುತ್ತಿಗೆಯ ಚರ್ಮಕ್ಕೆ ಇಳಿದಿತ್ತು. ಅವನು ಸೂಜಿ ಹಿಡಿದ. ಒಂದು ಹೊಲಿಗೆ. ಮಗಳು ಚೀರಿದಳು. ಎರಡು. ಮೂರು. ದಾರ ಹುಳುವಿನಂತೆ ಬೆರಳಿಗೆ ಸುತ್ತಿಕೊಂಡಿತು.

"ಬೆಂಕಿಗೆ ಹಾಕ್ಲಾ?"

"ಹಾಕಿದ್ರೆ ಮಗೂಗೇ ವಾಪಸ್ ಹೋಗುತ್ತೆ. ಉಸಿರಾಡೋ ಮೈ ಬೇಕು ಅದಕ್ಕೆ, ಈಗ್ಲೇ. ಇನ್ನೊಂದು ಹಕ್ಕಿ ಹುಡುಕೋಷ್ಟು ಹೊತ್ತಿಲ್ಲ." ಅಜ್ಜಿ ತನ್ನ ಸುಕ್ಕುಗಟ್ಟಿದ ಕೈ ಚಾಚಿದಳು. "ನನಗೇ ಕಟ್ಟು. ನಂದಿನ್ನೆಷ್ಟು ದಿನ?"

ಅವನು ಆ ಕೈಯನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಮೆಲ್ಲಗೆ ಸರಿಸಿ, ದಾರವನ್ನು ಹಲ್ಲಿನಿಂದ ಎಳೆದು, ತನ್ನ ಮಣಿಕಟ್ಟಿಗೇ ಏಳು ಗಂಟು ಹಾಕಿಕೊಂಡ.

ಮಗಳು ಕಣ್ಣುಬಿಟ್ಟು, "ಅಮ್ಮಾ, ಹಸಿವು," ಎಂದಳು.

ಈಗ ಅವನ ಹೊಲಿಗೆ ಯಂತ್ರವನ್ನು ಹೆಂಡತಿ ತುಳಿಯುತ್ತಾಳೆ. ಮಧ್ಯಾಹ್ನ ಮಗಳು ಶಾಲೆಯಿಂದ ಬಂದು ತಟ್ಟೆ ಹಿಡಿದು ಏಣಿ ಹತ್ತುತ್ತಾಳೆ. ಅಟ್ಟದ ಬಾಗಿಲಿಗೆ ಹೊಸ ಚಿಲಕ ಬಿದ್ದಿದೆ.

"ದೂರದಿಂದ ತಳ್ಳು ಪುಟ್ಟಿ. ಹತ್ರ ಹೋಗ್ಬೇಡ."

"ಅಮ್ಮಾ, ಅಪ್ಪಂಗೆ ನನ್ನ ಗುರುತು ಸಿಗುತ್ತಾ?"

ಹೆಂಡತಿ ಯಂತ್ರ ನಿಲ್ಲಿಸಿದಳು. ಒಂದು ಕೈಯಿಂದ ಏಣಿ, ಇನ್ನೊಂದರಿಂದ ಮಗಳ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

"ಇವತ್ತು ಸಿಗಬಹುದು. ಬೇಗ ಇಳಿ."