ಹಾಲಿಗೆ ತೇಯ್ದ ಬೇರು

ಸರ್ರ್... ಸರ್ರ್...

ಕಲ್ಲಿನ ಮೇಲೆ ಏನನ್ನೋ ತೇಯುವ ಸಣ್ಣ ಸದ್ದು.

ಶಶಿಗೆ ಎಚ್ಚರವಾಯಿತು. ಉತ್ತರಪತ್ರಿಕೆ ತಿದ್ದುತ್ತಾ ರಾತ್ರಿಯ ಹಾಲು ಬರುವ ಮೊದಲೇ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಗಂಡ ವಸಂತ್ ಇರಲಿಲ್ಲ. ರಾವಂದೂರಿನ ಈ ಮನೆಗೆ ಸೊಸೆಯಾಗಿ ಬಂದು ವರ್ಷವಾದರೂ ಇಂಥ ಸದ್ದು ಕೇಳಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅತ್ತೆ ಸೋಮಮ್ಮ ಯಾವುದೋ ಬೇರನ್ನು ತೇಯ್ದು, ಬೆರಳಿನಿಂದ ಬಳಿದು, ಶಶಿಯ ಹಾಲಿನ ಲೋಟಕ್ಕೆ ಹಾಕುತ್ತಿದ್ದರು. ವಸಂತ್ ಪಕ್ಕದಲ್ಲೇ ಕೂತಿದ್ದ.

"ಇನ್ನೂ ಎಷ್ಟು ದಿವ್ಸ ಕುಡಿಸ್ಬೇಕವ್ವ?"

"ಬೇಗೂರಿನ ಪಂಡಿತ್ರು ಅಮಾಸೆಗಂಟ ಅಂದವ್ರೆ. ತಲೆ ಕಾಯಿಲೆ ಸುಮ್ಕೆ ವಾಸಿ ಆಯ್ತದೇನ್ಲಾ? ಭಾನ್ವಾರ ಭಾನ್ವಾರ ಮೈಸೂರ್ಗೋಗಿ ಡಾಕ್ಟ್ರತ್ರ ಕೂತ್ಕಂಡ್ ಬತ್ತದೆ, ಪಾಪ."

ತಲೆ ಕಾಯಿಲೆ... ನನಗಾ?

ಭಾನುವಾರ ಅವಳು ಹೋಗುತ್ತಿದ್ದದ್ದು ಡಾಕ್ಟರ ಬಳಿಗಲ್ಲ. ಬೆಂಗಳೂರಿನಲ್ಲಿ ಬಿ.ಎಡ್. ಓದುವಾಗ, 1999ರಲ್ಲಿ, ಶಶಿ ಸೈಂಟಾಲಜಿ ಎಂಬ ಧರ್ಮವನ್ನು ಒಪ್ಪಿಕೊಂಡಿದ್ದಳು. ಅದನ್ನು ನಂಬಿದ ಮೂರ್ನಾಲ್ಕು ಜನ ಮೈಸೂರಿನ ಒಂದು ಮನೆಯಲ್ಲಿ ಸೇರುತ್ತಿದ್ದರು. ಎದುರುಬದುರು ಕೂತು ಒಬ್ಬರು ಪ್ರಶ್ನೆ ಕೇಳುವುದು, ಇನ್ನೊಬ್ಬರು ಏನನ್ನೂ ಮುಚ್ಚಿಡದೆ ಹೇಳುವುದು. ಅಪ್ಪ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಅವಳು ಮತ್ತೆ ಮಾತಾಡಿದ್ದು ಹಾಗೆ ಕೂತಾಗಲೇ.

ಇದೆಲ್ಲ ವಸಂತನಿಗೆ ಗೊತ್ತಿತ್ತು! ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಸಲ ಸಿಕ್ಕಾಗ ಅವಳ ಕೈಲಿದ್ದ ಆ ಧರ್ಮದ ಪುಸ್ತಕ ನೋಡಿ, "ಇದ್ಯಾವ ದೇವ್ರು ಮೇಡಂ? ಪ್ರಸಾದ ಏನ್ ಕೊಡ್ತಾರೆ?" ಎಂದು ಕೆಣಕಿದ್ದವನು. "ನಿನ್ನ ಧರ್ಮ ನಿಂದು. ಮನೇಲಿ ನಾನು ಒಪ್ಪಿಸ್ತೀನಿ" ಎಂದು ಮಾತು ಕೊಟ್ಟವನು.

ಒಪ್ಪಿಸಿದ್ದು ಹೀಗಾ...?

"ನನಗೆ ಹುಚ್ಚು ಅಂತ ಹೇಳಿದೀರಾ?"

ವಸಂತ್ ಬೆಚ್ಚಿ ಎದ್ದ. "ಹುಚ್ಚು ಅಂದಿಲ್ಲ ಶಶಿ... ಬೇರೆ ಧರ್ಮ ಅಂದ್ರೆ ಅವ್ವ ನಿನ್ನ ಹೋಗಕ್ಕೇ ಬಿಡ್ತಿರ್ಲಿಲ್ಲ. ಕಾಯಿಲೆ ಅಂದ್ರೆ..."

"ಕಾಯಿಲೆ ಅಂದ್ರೆ ಬೇರು ತೇಯ್ದು ಕುಡಿಸ್ತಾರೆ. ನೀವು ನೋಡ್ಕೊಂಡು ಕೂತಿರ್ತೀರಿ."

ಶಶಿ ಕೋಣೆಯತ್ತ ತಿರುಗಿದಳು.

"ಬೆಳಿಗ್ಗೆ ಅಮ್ಮನ ಮನೆಗೆ ಹೋಗ್ತೀನಿ. ನನ್ನ ನಂಬಿಕೆನ ಕಾಯಿಲೆ ಅನ್ನೋ ಮನೇಲಿ ನಾನಿರಲ್ಲ."

ವಸಂತ್ ತಾಯಿಯ ಕಡೆ ತಿರುಗಿದ. "ಅವ್ವಾ, ಇವ್ಳಿಗೆ ಕಾಯಿಲೆ ಇಲ್ಲ. ಇವ್ಳ ಧರ್ಮ ಬೇರೆ. ಅದಕ್ಕೇ ಮೈಸೂರಿಗೆ ಹೋಗೋದು. ನಿಂಗೆ ಹೆದ್ರಿ ಸುಳ್ಳು ಹೇಳ್ದೆ."

ಸೋಮಮ್ಮನ ಕೈ ನಿಂತಿತು. "ಅಂಗಾರೆ ಇವ್ಳ ಕಾಯಿಲೆ ವಾಸಿ ಆಗ್ಲಿ ಅಂತ ಸ್ವಾಮಾರ ಸ್ವಾಮಾರ ನಾನು ಒಪ್ಪೊತ್ತು ಉಂಡ್ಕಂಡು ಇದ್ದಿದ್ದು ಸುಮ್ಕೇನಾ? ಈ ಬೇರ ನಿಂಗೆ ಕುಡಿಸ್ಬೇಕಿತ್ತು ಕಣ್ಲಾ!" ಆಮೇಲೆ ಸೊಸೆಯ ಮುಖ ನೋಡಿದರು. "ನಿಂಗೆ ದ್ಯಾವ್ರು ಬ್ಯಾಡ್ವಾ ಮಗ?"

"ಬೇಡ ಅಂದಿಲ್ಲ ಅತ್ತೆ. ನನ್ನ ದಾರಿ ಬೇರೆ, ಅಷ್ಟೆ."

"ಅದ್ನ ಮೊದ್ಲೇ ಯೋಳಿದ್ರೆ ನಾಕು ದಿನ ಬೈದು ಸುಮ್ಕಾಯ್ತಿದ್ದೆ." ಹಾಲನ್ನು ಬಚ್ಚಲಿಗೆ ಸುರಿದು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಬೆಳಗಾಯಿತು. ಶಶಿ ಬ್ಯಾಗು ತುಂಬಲಿಲ್ಲ.

"ಹೋಗ್ಬೇಡ ಅನ್ನಕ್ಕೂ ನಂಗೆ ಮುಖ ಇಲ್ಲ" ಎಂದ ವಸಂತ್.

"ಹೋಗಲ್ಲ, ಅತ್ತೆ ಮುಂದೆ ನಿಜ ಹೇಳಿದ್ರಲ್ಲ. ಆದ್ರೆ ನಿಮ್ಮ ಮಾತು ನಂಬೋಕೆ ನಂಗೆ ಇನ್ನೂ ಸ್ವಲ್ಪ ದಿನ ಬೇಕು."

"ಕಾಯ್ತೀನಿ."

"ಭಾನುವಾರ ನನ್ನ ಜೊತೆ ಬನ್ನಿ."

"ಅಲ್ಲಿ ಯಾರಾದ್ರೂ ಕೇಳಿದ್ರೆ?"

"ನನ್ನ ಗಂಡ ಅಂತೀನಿ. ನೀವೂ ನಿಜಾನೇ ಹೇಳಿ."

ಭಾನುವಾರ ಮೈಸೂರಿನ ಆ ಮನೆಯಲ್ಲಿ ಎದುರು ಕೂತವರು ಎಂದಿನಂತೆ ಶಶಿಯನ್ನು ಕೇಳಿದರು: "ಏನಾದರೂ ಮುಚ್ಚಿಟ್ಟಿದ್ದೀರಾ?"

ನಂಬಿಕೆಗೆ ಅಡ್ಡ ಬಂದವರನ್ನು ದೂರ ಇಡಿ ಎಂಬ ಮಾತನ್ನು ಅವಳು ಇದೇ ಕೋಣೆಯಲ್ಲಿ ಕೇಳಿದ್ದಳು. ವಸಂತನ ಸುಳ್ಳನ್ನೂ ಆ ಬೇರನ್ನೂ ಹೇಳಿದರೆ ಇವರೂ ಅದನ್ನೇ ಹೇಳುತ್ತಾರೆ... ಕಿಟಕಿಯಾಚೆ ವಸಂತ್ ಮೆಟ್ಟಿಲ ಮೇಲೆ, ಬಿಸಿಲಲ್ಲೇ ಕೂತಿದ್ದ. ಎದೆಯ ಉರಿ ಇನ್ನೂ ಆರಿರಲಿಲ್ಲ. ಆದರೂ ಅವನನ್ನು ಯಾರ ತೀರ್ಪಿಗೂ ಒಪ್ಪಿಸಲು ಅವಳಿಗೆ ಮನಸ್ಸಾಗಲಿಲ್ಲ.

ಅಮ್ಮನಿಗೂ ಹೇಳುವುದಿಲ್ಲ. ಇಲ್ಲಿಯೂ ಹೇಳುವುದಿಲ್ಲ.

"ಇಲ್ಲ" ಎಂದಳು ಶಶಿ.